ಹಲ್ಲಿನ ತೂತಿಗೆ ಒಂದು ಚಿಟಿಕೆ ಕಡ್ಡಿಪುಡಿ

ಈ ಜನ್ಮದಲ್ಲಿ ಹಲ್ಲಿನ ಡಾಕ್ಟರ ಮುಂದೆ ಬಾಯಿ ತೆಗೆಯುವವನು ನಾನಲ್ಲ! ಹೀಗೆಂದು ನಾನು ಘೋಷಿಸಿದ್ದು ಹೋದ ಸಂಕ್ರಾಂತಿಯಂದು, ನಮ್ಮೂರ ಟೀ ಅಂಗಡಿಯ ಮುಂದೆ, ಕಬ್ಬಿನ ಜಲ್ಲೆಯ ಸಿಪ್ಪೆಯನ್ನು ಹಲ್ಲಿನಿಂದಲೇ ಸರ್ರನೆ ಸೀಳುತ್ತಾ. ಸಾಕ್ಷಿಗೆ ಆರು ಜನರಿದ್ದರು, ಒಂದು ನಾಯಿಯೂ ಇತ್ತು.

"ನಲವತ್ತಾರು ವರ್ಷ, ಮೂವತ್ತೆರಡು ಹಲ್ಲು, ಒಂದಕ್ಕೂ ರಿಪೇರಿ ಇಲ್ಲ! ಈ ಹಲ್ಲಿನ ಡಾಕ್ಟರುಗಳ ಹತ್ರ ಬಾಯಿ ತೆಗೆದ್ರೆ ಇಲ್ಲದ ತೂತು ಹುಡುಕ್ತಾರೆ. ಬೇವಿನ ಕಡ್ಡಿ ಸಾಕು ಕಣ್ರಯ್ಯ!"

ಹೇಳಿ ಸುಮ್ಮನಿದ್ದರೆ ಆ ಮಾತು ಟೀ ಅಂಗಡಿಯ ಹೊಗೆಯಲ್ಲೇ ಕರಗಿಹೋಗುತ್ತಿತ್ತು. ಆದರೆ ನಾನು ಬರೆಯುವವನು. ಚಂದಕವಾಡಿ ಹೋಬಳಿಯ ಒಂದು ಸಣ್ಣ ಊರಿನ ಗ್ರಂಥಾಲಯ ನೋಡಿಕೊಳ್ಳುವ ದೊರೆಸ್ವಾಮಿ ಎಂಬ ನಾನು, ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಕೈಕೊಟ್ಟ ಮೇಲೆ ಕಪಾಟಿನ ಪುಸ್ತಕಗಳನ್ನೇ ಮೇಷ್ಟ್ರು ಮಾಡಿಕೊಂಡು ಕಲಿತವನು. ಜಿಲ್ಲೆಯ ಒಂದು ಪತ್ರಿಕೆಯಲ್ಲಿ ವಾರಕ್ಕೊಮ್ಮೆ 'ಕೆಂಡದ ಮಾತು' ಎಂಬ ಅಂಕಣ ನನ್ನದು. ಕೆರೆ ನುಂಗಿದವರನ್ನು ಬೈದಿದ್ದೇನೆ. ನಿಲ್ಲಿಸದೆ ಹೋಗುವ ಬಸ್ಸನ್ನು ಬೈದಿದ್ದೇನೆ. ಹೊಗೆಸೊಪ್ಪಿನ ವಿರುದ್ಧ ಏಳು ಲೇಖನ ಬರೆದಿದ್ದೇನೆ. ಓದಿದವರು ಹೊಗೆಸೊಪ್ಪು ಬಿಟ್ಟರೋ ಪತ್ರಿಕೆ ಬಿಟ್ಟರೋ ಗೊತ್ತಿಲ್ಲ. ಆ ವಾರ ಹಲ್ಲಿನ ಡಾಕ್ಟರುಗಳ ಸರದಿ. 'ಬಾಯೊಳಗೆ ಕೈ ಹಾಕುವವರು' ಎಂದು ತಲೆಬರಹ ಕೊಟ್ಟು, ಚಾಮರಾಜನಗರದ ಅಷ್ಟೂ ಹಲ್ಲಿನ ಡಾಕ್ಟರುಗಳನ್ನು ಒಂದೇ ಕಾಲಂನಲ್ಲಿ ಬುಡಸಮೇತ ಕಿತ್ತು ಹಾಕಿದೆ!

ನನ್ನ ಹಲ್ಲೂ ಅದನ್ನು ಓದಿತೋ ಏನೋ. ಒಂದೇ ತಿಂಗಳಿಗೆ ಸೇಡು ಶುರುವಾಯಿತು.

ಮೊದಲು ತಣ್ಣೀರು. ಒಂದು ಗುಟುಕು ಕುಡಿದೆ ನೋಡಿ, ಎಡಗಡೆ ದವಡೆಯ ಒಂದು ಹಲ್ಲಿಗೆ ಗೋಪಾಲಸ್ವಾಮಿ ಬೆಟ್ಟದ ಮಾಗಿಯ ಚಳಿಯೆಲ್ಲ ಒಟ್ಟಿಗೆ ಹೊಕ್ಕಂತಾಯಿತು. ಒಂದು ಗಳಿಗೆ, ಅಷ್ಟೇ. ಕನ್ನಡಿ ಹಿಡಿದರೆ ಎಳ್ಳಿನಷ್ಟು ಕಪ್ಪು ಚುಕ್ಕೆ. "ಕಾಫಿ ಕರೆ" ಎಂದುಕೊಂಡೆ. ಆಮೇಲೆ ಸಿಹಿ. ಕಜ್ಜಾಯ ಕಚ್ಚಿದರೆ ಝುಮ್ಮೆನ್ನುವುದು. ತಪ್ಪು ನನ್ನ ಹಲ್ಲಿನದಾಗಲು ಸಾಧ್ಯವೇ? ಕಲಬೆರಕೆ ಬೆಲ್ಲದ ಮೇಲೆ ಒಂದು ಅಂಕಣ ಬರೆದೆ! ಆಮೇಲೆ ಬಿಸಿ ಟೀ. ಲೋಟ ತೊಳೆದಿಟ್ಟು ಅರ್ಧ ಗಂಟೆಯಾದರೂ ನೋವು ಮಾತ್ರ ಕೂತಲ್ಲಿಂದ ಏಳುತ್ತಿರಲಿಲ್ಲ. ಅಷ್ಟರಲ್ಲಿ ಎಳ್ಳು ಅವರೆಕಾಳಾಗಿ, ಪ್ರತಿ ಊಟದ ನಂತರ ನನ್ನ ನಾಲಿಗೆ ಆ ಗುಹೆಯೊಳಗೆ ಉತ್ಖನನ ನಡೆಸುತ್ತಿತ್ತು.

ನನ್ನ ಹೆಂಡತಿ ಶಾಂತಿಗೆ ಎಲ್ಲ ಕಾಣಿಸುತ್ತಿತ್ತು.

"ಗುಂಡ್ಲುಪೇಟೇಲಿ ಡಾಕ್ಟರಮ್ಮ ಒಬ್ರು ಅವ್ರಂತೆ, ಕೈ ಬಾಳ ಹಗುರವಂತೆ. ಓಗಿ ತೋರಿಸ್ಬಾರ್ದಾ?"

"ಯಾವ ಮುಖ ಇಟ್ಕೊಂಡು ಹೋಗ್ಲಿ? ಬರೆದಿದ್ದೀನಲ್ಲ!"

"ಮುಖ ಯಾಕೆ? ಹಲ್ಲು ತಕ್ಕಂಡೋಗಿ, ಸಾಕು."

ಹೋಗಲಿಲ್ಲ. ನನ್ನ ಹಟಕ್ಕೆ ಹೆದರಿಯೋ ಎಂಬಂತೆ ಒಂದು ಬೆಳಿಗ್ಗೆ ನೋವು ತಾನಾಗಿಯೇ ಮಾಯವಾಯಿತು! ತಣ್ಣೀರು ಕುಡಿದೆ, ಏನೂ ಇಲ್ಲ. ಬಿಸಿ ಟೀ ಕುಡಿದೆ, ಏನೂ ಇಲ್ಲ. ಮೂರು ವಾರ ಊರೆಲ್ಲ ಎದೆ ಸೆಟೆಸಿಕೊಂಡು ತಿರುಗಿದೆ.

"ನೋಡಿದ್ಯಾ ಶಾಂತಿ? ಮನೋಬಲ!"

"ಸತ್ತೋರೂ ನೋವು ಅನ್ನಕಿಲ್ಲ ಬುಡಿ," ಎಂದಳು ಅವಳು, ಸೊಪ್ಪಿನ ಹೊರೆ ಇಳಿಸುತ್ತಾ.

ಸೊಪ್ಪು ಎಂದರೆ ಹಿಪ್ಪುನೇರಳೆ ಸೊಪ್ಪು. ಶಾಂತಿ ಈ ವರ್ಷ ರೇಷ್ಮೆ ಹುಳ ಸಾಕಲು ಇಳಿದಿದ್ದಳು. ತರಬೇತಿಗೆ ಹೋಗಿ ಕಲಿತು, ಹಿತ್ತಲ ಕೊಟ್ಟಿಗೆಗೆ ಸುಣ್ಣ ಹೊಡೆದು, ಕಿಟಕಿಗೆಲ್ಲ ಸೊಳ್ಳೆಪರದೆ ಕಟ್ಟಿ 'ಹುಳದ ಮನೆ' ಮಾಡಿದ್ದಳು. ಇದು ಅವಳ ಮೊದಲ ಬೆಳೆ. "ಪುಸ್ತಕದೋನ ಎಂಡ್ತಿ ಕೊಟ್ಟಿಗೇಲಿ ರೇಷ್ಮೆ ತಗೀತಾಳಂತೆ" ಎಂದು ನಕ್ಕವರ ಮುಂದೆ ಬೆಳ್ಳಗೆ ಗೂಡು ಕಟ್ಟಿಸಿ ತೋರಿಸಬೇಕು ಎನ್ನುವುದೊಂದೇ ಹಟ. ರೇಷ್ಮೆ ಹುಳ ನಾಲ್ಕು ಸಲ ಮೇವು ಬಿಟ್ಟು ಮಲಗಿ ಪೊರೆ ಕಳಚುತ್ತದೆ. ಅದಕ್ಕೆ ನಮ್ಮ ಕಡೆ 'ಜ್ವರ' ಎನ್ನುತ್ತಾರೆ. ನಾಲ್ಕನೇ ಜ್ವರದಿಂದ ಎದ್ದ ಹುಳ ಒಂದು ವಾರ ರಾಕ್ಷಸನ ಹಾಗೆ ತಿಂದು, ಆಮೇಲೆ ಗೂಡು ಕಟ್ಟಲು ಕೂರುತ್ತದೆ.

ತಿನ್ನುವುದರಲ್ಲಿ ರಾಕ್ಷಸ, ಮಿಕ್ಕಿದ್ದರಲ್ಲಿ ಮಹಾರಾಣಿ! ಊದುಬತ್ತಿ ಆಗದು, ಸೊಳ್ಳೆಬತ್ತಿ ಆಗದು, ನೋವಿನ ಮುಲಾಮು ಆಗದು, ಒಗ್ಗರಣೆಯ ಘಾಟೂ ಆಗದು. ಎಲ್ಲಕ್ಕಿಂತ ದೊಡ್ಡ ಶತ್ರು ಹೊಗೆಸೊಪ್ಪು. ಅದನ್ನು ಮುಟ್ಟಿದ ಕೈ ಮೇವು ಮುಟ್ಟಿದರೂ ಹುಳ ಕೆಡುತ್ತದೆ.

ನಮ್ಮವ್ವ ಚಿಕ್ಕನಿಂಗಮ್ಮ ಐವತ್ತು ವರ್ಷದಿಂದ ಎಲೆಅಡಿಕೆಯ ಜೊತೆ ಕಡ್ಡಿಪುಡಿ ಅಗಿಯುವವಳು. ಹೊಗೆಸೊಪ್ಪಿನ ಕಡ್ಡಿಯನ್ನು ಪುಡಿ ಮಾಡಿದ್ದೇ ಕಡ್ಡಿಪುಡಿ. ಅನ್ನ ಬಿಟ್ಟಾಳು, ಅದನ್ನು ಬಿಡಳು. ಅಂಥವಳು ಹುಳ ಮನೆಗೆ ಬಂದ ದಿನ ತನ್ನ ಎಲೆಚೀಲದ ಗಂಟು ಬಿಗಿದು, ಪಕ್ಕದ ಮನೆ ಗುರುಸಿದ್ದಮ್ಮನ ಜಗುಲಿಯ ಗೂಟಕ್ಕೆ ನೇತುಹಾಕಿ ಬಂದಳು. "ಸೊಸೆ ಉಳ ಗೂಡು ಕಟ್ಟೋಗಂಟ ನಂಗ್ಯಾಕವ್ವ ಅದು?" ನನ್ನ ಏಳು ಲೇಖನ ಮಾಡದ್ದನ್ನು ಒಂದು ಹುಳ ಮಾಡಿತು!

ನಾಲ್ಕನೇ ಜ್ವರದಿಂದ ಹುಳ ಎದ್ದು ನಾಲ್ಕನೇ ದಿನ. ಅದೇ ದಿನ ನನ್ನ ಹಲ್ಲೂ ಎದ್ದಿತು. ಇದು ಹಳೆಯ ನೋವಲ್ಲ, ಅದರ ದೊಡ್ಡಪ್ಪ! ಎದೆ ಬಡಿದುಕೊಂಡಾಗಲೆಲ್ಲ ದವಡೆಯೂ ಬಡಿದುಕೊಳ್ಳುತ್ತಿತ್ತು. ಕೆನ್ನೆ ಬೋಂಡದ ಹಾಗೆ ಊದಿತ್ತು.

"ಒಂದ್ ತೊಟ್ಟು ಲವಂಗದೆಣ್ಣೆ..." ಎಂದು ನರಳಿದೆ.

"ಲವಂಗದೆಣ್ಣೆ ಈ ಹೊಸ್ತಿಲು ದಾಟಿದ್ರೆ ನೋಡಿ!" ಎಂದಳು ಶಾಂತಿ. "ಮೊದಲ್ನೇ ಬಸ್ಸಿಗೇ ಡಾಕ್ಟರ ತಾವಕ್ಕೆ ಓಗಿ. ಓಗೋ ಮುಂಚೆ ಗೋಣಿ ಅಡೀಲಿರೋ ಸೊಪ್ಪ ಬಾಗಲ ಪಕ್ಕದ ಉಳದ ಸಾಲಿಗೆ ಹಾಕ್ಬುಡಿ. ನಾನು ಹೊಲಕ್ಕೋಗಿ ಕೊಯ್ಕಬತ್ತೀನಿ. ಕೈ ತೊಳ್ಕಂಡು ಹಾಕಿ!"

ಅವಳು ಅತ್ತ ಹೋದಳು. ನಾನು ಇತ್ತ ಗುರುಸಿದ್ದಮ್ಮನ ಜಗುಲಿಯ ಕಡೆ ನೋಡಿದೆ. ನಮ್ಮ ತಾತ ಹಲ್ಲು ನೋವಿಗೆ ಕಡ್ಡಿಪುಡಿ ತುಂಬಿಕೊಳ್ಳುತ್ತಿದ್ದದ್ದು ನೆನಪಾಯಿತು. ಒಳಗಿನ ಅಂಕಣಕಾರ ಗುಡುಗಿದ: "ಏಳು ಲೇಖನ ಬರೆದ ಕೈ ಇದು!" ಒಳಗಿನ ಹಲ್ಲು ತಿರುಗಿ ಗುಡುಗಿತು: "ಬರೆದದ್ದು ಚಟದ ವಿರುದ್ಧ. ಇದು ಔಷಧಿ!" ಚರ್ಚೆಯಲ್ಲಿ ಹಲ್ಲು ಗೆದ್ದಿತು. ಜಗುಲಿಯಲ್ಲಿ ಯಾರೂ ಇರಲಿಲ್ಲ. ಚೀಲ ಬಿಚ್ಚಿದೆ, ಒಂದು ಚಿಟಿಕೆ ತೆಗೆದೆ, ಉಂಡೆ ಮಾಡಿ ಆ ಗುಹೆಗೆ ಒತ್ತಿದೆ. ಐದು ನಿಮಿಷಕ್ಕೆ ದವಡೆ ಮರಗಟ್ಟಿತು. ಆಹಾ! ಬಸ್ಸೂ ಬೇಡ, ಡಾಕ್ಟರೂ ಬೇಡ!

ಆ ಖುಷಿಯಲ್ಲಿ ಹೆಂಡತಿಗೆ ನೆರವಾಗಲು ಹೊರಟೆ. ಸುಳ್ಳು ಹೇಳುವುದಿಲ್ಲ, ಸೋಪು ಹಾಕಿ ಮೊಣಕೈವರೆಗೂ ತೊಳೆದುಕೊಂಡೆ. ಆದರೆ ಆ ಉಂಡೆ ತೂತಿನಲ್ಲಿ ನಿಲ್ಲುತ್ತಿರಲಿಲ್ಲ. ಜಾರುವುದು, ನಾನು ತೋರುಬೆರಳಲ್ಲಿ ಒತ್ತುವುದು, ಒತ್ತಿದ ಕೈಯಲ್ಲೇ ಸೊಪ್ಪು ಹರಡುವುದು. ಮತ್ತೆ ಜಾರುವುದು, ಮತ್ತೆ ಒತ್ತುವುದು. ಎಷ್ಟು ಸಲವೋ! ಸಾಲು ಮುಗಿಯುವಷ್ಟರಲ್ಲಿ ಸಾವಿರಾರು ಹುಳಗಳಿಗೆ ಹೊಗೆಸೊಪ್ಪಿನ ದೀಕ್ಷೆ ಕೊಟ್ಟಾಗಿತ್ತು, ಅದೂ ಏಳು ಲೇಖನಗಳ ಕರ್ತೃವಿನ ಸ್ವಹಸ್ತದಿಂದ.

ಒಂಬತ್ತು ಗಂಟೆಗೆ ಶಾಂತಿಯ ಚೀತ್ಕಾರ ಕೇಳಿತು.

ನಾನೂ ಅವ್ವನೂ ಓಡಿಹೋದೆವು. ಬಾಗಿಲ ಪಕ್ಕದ ಸಾಲಿನಲ್ಲಿ ಒಂದು ಹುಳವೂ ಸೊಪ್ಪಿಗೆ ಬಾಯಿ ಹಾಕುತ್ತಿರಲಿಲ್ಲ. ತಲೆ ಮೇಲೆತ್ತಿ, ಅತ್ತಿತ್ತ ತೂಗಾಡುತ್ತಾ, ಹಸಿರು ರಸ ಕಕ್ಕುತ್ತಿದ್ದವು. ಶಾಂತಿ ರೇಷ್ಮೆ ಇಲಾಖೆಯ ಕಿರಣ್ ಕುಮಾರ್‌ಗೆ ಫೋನ್ ಮಾಡಿದಳು. ಆತನ ಮಾತು ನಮಗೆಲ್ಲ ಕೇಳಿಸಿತು.

"ಹೊಗೆಸೊಪ್ಪೋ ಔಷಧಿಯೋ ಸೋಕಿರಬೇಕು, ಇಲ್ಲಾಂದ್ರೆ ರೋಗ. ರೋಗ ಆದ್ರೆ ಕಾಯೋ ಹಾಗಿಲ್ಲಮ್ಮ, ಪಕ್ಕದ ಸಾಲಿಗೂ ಹತ್ತುತ್ತೆ. ಆ ಸಾಲು ಅಷ್ಟೂ ತೆಗೆದು ಹೂಳ್ಬೇಕು. ನಾನು ಬರ್ತಿದ್ದೀನಿ. ಮನೇಲಿ ಯಾರಾದ್ರೂ ಹೊಗೆಸೊಪ್ಪು ಮುಟ್ಟಿದ್ದಾರಾ, ಮೊದ್ಲು ಕೇಳಿ."

ಶಾಂತಿ ಯಾರನ್ನೂ ಕೇಳಲಿಲ್ಲ. ಅವ್ವನ ಕಡೆ ತಿರುಗಿದಳು.

"ಅತ್ತೆ, ನಿಜ ಯೋಳಿ."

"ಇಲ್ಲ ಕಣವ್ವ. ಮಾದಪ್ಪನಾಣೆ, ನಾ ಮುಟ್ನಿಲ್ಲ."

ಅದೇ ಹೊತ್ತಿಗೆ ಗದ್ದಲ ಕೇಳಿ ಗುರುಸಿದ್ದಮ್ಮ ಬಂದಳು. "ಅಲ್ಲ ಚಿಕ್ಕನಿಂಗವ್ವ, ನಿನ್ ಚೀಲದ ಗಂಟು ಬಿಚ್ಕಂಡದಲ್ಲ? ಮುಂಜಾನೆ ಬಂದಿದ್ಯಾ?"

ಸಾಕ್ಷಿ ಸಿಕ್ಕಿತು! ಶಾಂತಿಯ ಕಣ್ಣು ತುಂಬಿತು. "ಇನ್ನು ಮೂರೇ ದಿನ ಅತ್ತೆ! ಮೂರ್ ದಿನ ತಡ್ಕಳಕ್ಕಾಗ್ನಿಲ್ವಾ? ನಂಬಿದ್ನಲ್ಲ ನಿಮ್ಮ!"

ಅವ್ವ ನನ್ನ ಕಡೆ ನೋಡಿದಳು. ಒಂದೇ ಗಳಿಗೆ.

ನಾನು? ಬಾಯಿ ತೆಗೆದರೆ ವಾಸನೆ ಬರುತ್ತದೆ. ತುಟಿ ಬಿಗಿಹಿಡಿದು ಕಂಬದ ಹಾಗೆ ನಿಂತೆ. ಕೆರೆ ನುಂಗಿದವರ ಹೆಸರು ಹಿಡಿದು ಬೈದ ನಾನು ನನ್ನ ಹೆಸರು ಹಿಡಿಯಲಾರದೆ ನಿಂತೆ. ಇನ್ನೂ ನಾಚಿಕೆಯ ಮಾತು ಕೇಳಿ: ಆ ಹೊತ್ತಿನಲ್ಲೂ ನನ್ನ ತಲೆ ಕಲಬೆರಕೆ ಕೀಟನಾಶಕಗಳ ಮೇಲೆ ಒಂದು ಅಂಕಣದ ಮೊದಲ ಸಾಲು ಹೊಸೆಯುತ್ತಿತ್ತು! "ಹೇಳಿಬಿಡು" ಎಂದಿತು ಮನಸ್ಸಾಕ್ಷಿ. "ಕಿರಣ್ ಕುಮಾರ್ ಬರಲಿ, ಹೇಳ್ತೀನಿ" ಎಂದೆ. ಸರ್ಕಾರಿ ಕಚೇರಿಗಳು ಅರ್ಜಿದಾರರಿಗೆ "ನಾಳೆ ಬಾ" ಎನ್ನುತ್ತವೆಂದು ಮೂರು ಸಲ ಉಗಿದು ಬರೆದವನು ನಾನೇ.

ಅವ್ವ ಕೈ ತೊಳೆದು ಬಂದು, "ಆ ಸೊಪ್ಪೆಲ್ಲ ತಗಿ ಕಣವ್ವ. ಹೊಸಾ ಸೊಪ್ಪು ಹಾಕು. ಪರದೆ ಎತ್ತು, ಗಾಳಿ ಆಡ್ಲಿ," ಎಂದಳು.

"ಅಂದ್ರೆ ನೀವೇ ಅಂತ ಒಪ್ಕಂಡಂಗಾಯ್ತಲ್ಲ!"

"ಏನಾರ ಅನ್ಕೊ. ಮೊದ್ಲು ಸೊಪ್ಪು ತಗಿ."

ಅತ್ತೆ ಸೊಸೆ ಇಬ್ಬರೂ, ಒಬ್ಬಳು ಅಳುತ್ತಾ, ಒಬ್ಬಳು ಸೆರಗು ಬಿಗಿದುಕೊಂಡು, ಆ ಸಾಲಿನ ಸೊಪ್ಪನ್ನೆಲ್ಲ ಬದಲಿಸಿದರು. ನಾನು ಅಂಗಳದ ಬೇವಿನ ಮರಕ್ಕೆ ಒರಗಿಕೊಂಡು ಎಂಜಲು ನುಂಗುತ್ತಿದ್ದೆ. ಉಗಿದರೆ ಬಣ್ಣ ಕಾಣುತ್ತದಲ್ಲ! ನುಂಗಿದ ಒಂದೊಂದು ಗುಟುಕಿಗೂ ಮರ ಒಂದು ಸುತ್ತು ತಿರುಗುತ್ತಿತ್ತು.

ಹನ್ನೊಂದಕ್ಕೆ ಕಿರಣ್ ಕುಮಾರ್ ಬೈಕಿನಲ್ಲಿ ಬಂದ. ಸತ್ತ ನಾಲ್ಕಾರು ಹುಳಗಳನ್ನು ಅಂಗೈಯಲ್ಲಿ ಹಿಡಿದು ಬೆಳಕಿಗೆ ಹೊರಬಂದ.

"ನೋಡಿಮ್ಮ, ಹೊಗೆಸೊಪ್ಪು ಅಂತ್ಲೇ ಅನ್ಸುತ್ತೆ. ಮೊದ್ಲು ಮೇವು ಬಿಡ್ತವೆ. ಆಮೇಲೆ ತಲೆ ಎತ್ತುತವೆ. ಆಮೇಲೆ ಹಿಂಗೆ ತೂಗಾಡ್ತಾ, ತೂಗಾಡ್ತಾ..."

ಅಲ್ಲಿಗೆ ನಿಲ್ಲಿಸಿದ. ನನ್ನನ್ನೇ ನೋಡುತ್ತಿದ್ದ. ಬೆಳಗಿನಿಂದ ಮೇವು ಮುಟ್ಟದ ನಾನು, ತಲೆ ಮೇಲೆತ್ತಿ, ಬೇವಿನ ಮರದ ಬುಡದಲ್ಲಿ ಅತ್ತಿಂದಿತ್ತ ತೂಗಾಡುತ್ತಿದ್ದೆ!

"ಮೇಡಂ," ಎಂದ ಕಿರಣ್ ಕುಮಾರ್ ಮೆಲ್ಲಗೆ, "ಇವರಿಗೂ ಅದೇ ಲಕ್ಷಣ!"

ಮುಂದಿನ ಲಕ್ಷಣ ಅವನು ಹೇಳುವ ಮೊದಲೇ ನಾನು ಪ್ರದರ್ಶಿಸಿದೆ. ಎಲ್ಲ ಹೊರಬಂತು. ಕಡ್ಡಿಪುಡಿಯ ಉಂಡೆ ಉರುಳಿಕೊಂಡು ಹೋಗಿ ಶಾಂತಿಯ ಕಾಲ ಬಳಿ ನಿಂತಿತು. ಮಹಾಜನರೇ, ಗಮನಿಸಿ: ತಪ್ಪೊಪ್ಪಿಕೊಂಡದ್ದು ನಾನಲ್ಲ, ನನ್ನ ಹೊಟ್ಟೆ. ನನಗಿಂತ ಅದಕ್ಕೇ ಮಾನ ಹೆಚ್ಚು.

"ರೋಗ ಅಲ್ಲ ಅಂತಾಯ್ತು, ಹೂಳೋದು ಬೇಡ," ಎಂದ ಕಿರಣ್ ಕುಮಾರ್. "ಸೊಪ್ಪು ಬೇಗ ಬದಲಾಯಿಸಿದ್ದೇ ಒಳ್ಳೇದಾಯ್ತು. ಮುಕ್ಕಾಲು ಪಾಲು ಚೇತರಿಸಿಕೊಳ್ತವೆ. ಇನ್ನೊಂದು ಗಂಟೆ ಹಾಗೇ ಬಿಟ್ಟಿದ್ರೆ ಕಷ್ಟ ಇತ್ತು. ಯಾರಿಗೆ ಹೊಳೀತು?"

ಶಾಂತಿ ಅವ್ವನ ಕೈ ಹಿಡಿದುಕೊಂಡಳು. "ಅತ್ತೆ..." ಎಂದಳು.

"ಓಗು, ಉಳ ನೋಡೋಗು," ಎಂದಳು ಅವ್ವ.

ನನ್ನನ್ನು ಶಾಂತಿ ಬೈಯಲಿಲ್ಲ. ಬೈದಿದ್ದರೆ ಅರ್ಧ ಪಾಪ ಕಳೆಯುತ್ತಿತ್ತು. "ನೀವು ಈ ಕಡೆ ಸುಳೀಬೇಡಿ. ಗುಂಡ್ಲುಪೇಟೆಗೆ ಓಗಿ," ಎಂದಳು, ಅಷ್ಟೇ. ಆಮೇಲೆ ಅವ್ವನ ಕಡೆ ತಿರುಗಿ, "ಅತ್ತೆ, ಜೊತ್ಗೆ ಓಗಿ. ಇವ್ರು ಅರ್ಧ ದಾರೀಲಿ ಇಳ್ದುಬುಟ್ಟಾರು."

ಚಾಮರಾಜನಗರದಲ್ಲೇ ಬೇಕಾದಷ್ಟು ಹಲ್ಲಿನ ಡಾಕ್ಟರಿದ್ದಾರೆ. ಆದರೆ ಅಲ್ಲಿ ನನ್ನ ಬಾಯಿಯ ಪರಿಚಯ ಎಲ್ಲರಿಗೂ ಇದೆಯಲ್ಲ! ಅಲ್ಲಿ ಬಸ್ಸು ಬದಲಿಸುವಾಗ ಟವಲ್ಲಿನಲ್ಲಿ ಮುಖ ಮುಚ್ಚಿಕೊಂಡೆ. ಗುಂಡ್ಲುಪೇಟೆ ಬಸ್ಸಿನಲ್ಲಿ ಕಂಡಕ್ಟರ್ ಬಂದಾಗ ಅವ್ವ ಆಧಾರ್ ಕಾರ್ಡು ತೋರಿಸಿ, "ನಂದು ಫ್ರೀ ಕಣಪ್ಪ. ಮಗೀಗೊಂದು ಕೊಡು," ಎಂದಳು. ಆತ ಮಗುವನ್ನು ಹುಡುಕಿ ಸೀಟಿನ ಕೆಳಗೆಲ್ಲ ಬಗ್ಗಿ ನೋಡಿದ. ಕೊನೆಗೆ ನನ್ನ ಮೀಸೆ ಕಂಡು ಫುಲ್ ಟಿಕೆಟ್ಟೇ ಹರಿದ.

ಡಾಕ್ಟರ್ ಬೃಂದಾ ಎಂಬ ಆ ಹೆಣ್ಣುಮಗಳಿಗೆ ಮೂವತ್ತೂ ಆಗಿರಲಿಕ್ಕಿಲ್ಲ. ದೀಪ ಹಾಕಿ, ಕನ್ನಡಿ ಇಟ್ಟು, ಎಕ್ಸ್‌ರೇ ತೆಗೆದು ನೋಡಿದಳು.

"ಉಳ ತಿಂದದಾ ತಾಯಿ?" ಎಂದಳು ಅವ್ವ.

"ಹಲ್ಲಿಗೆ ಹುಳ ಬರಲ್ಲ ಅಜ್ಜಿ. ಸಿಹಿ, ಹಿಟ್ಟಿನ ಪದಾರ್ಥ ಹಲ್ಲಿನ ಸಂದೀಲಿ ಉಳಿದ್ರೆ ಕಣ್ಣಿಗೆ ಕಾಣದ ಕ್ರಿಮಿಗಳು ಅದನ್ನ ಹುಳಿ ಮಾಡ್ತವೆ. ಆ ಹುಳಿ ಹಲ್ಲನ್ನ ಕರಗಿಸುತ್ತೆ. ಮೇಲಿನ ಗಟ್ಟಿ ಪದರಕ್ಕೆ ನೋವೇ ಗೊತ್ತಾಗಲ್ಲ." ನನ್ನ ಕಡೆ ತಿರುಗಿದಳು. "ತಣ್ಣೀರಿಗೆ ಝುಮ್ ಅಂತಿತ್ತಾ?"

"ಊಂ."

"ಅವತ್ತೇ ಬಂದಿದ್ರೆ ಒಂದು ಸಣ್ಣ ಫಿಲ್ಲಿಂಗ್, ಅರ್ಧ ಗಂಟೆ ಕೆಲಸ. ಬಿಸಿ ಕುಡಿದ ಮೇಲೂ ನೋವು ಉಳೀತಿತ್ತಾ?"

"ಊಂ."

"ಆಗ ನರಕ್ಕೆ ಮುಟ್ಟಿತ್ತು. ಆಗ ಬಂದಿದ್ರೂ ಬೇರಿಗೆ ಚಿಕಿತ್ಸೆ ಮಾಡಿ ಹಲ್ಲು ಉಳಿಸ್ತಿದ್ದೆ."

"ಮಧ್ಯದಲ್ಲಿ ಮೂರು ವಾರ ಪೂರ್ತಿ ವಾಸಿಯಾಗಿತ್ತು ಡಾಕ್ಟ್ರೇ!" ಎಂದೆ, ಕೊನೆಯ ಆಸೆಯಿಂದ.

"ವಾಸಿ ಆಗಿದ್ದಲ್ಲ ಸರ್, ನರ ಸತ್ತಿದ್ದು. ಹುಳುಕು ಹಲ್ಲಿನ ನೋವು ತಾನಾಗೇ ನಿಂತರೆ ಖುಷಿ ಪಡಬಾರದು, ಓಡಿ ಬರಬೇಕು. ಈಗ ಬುಡದಲ್ಲಿ ಕೀವು ಕಟ್ಟಿದೆ, ಹಲ್ಲಲ್ಲಿ ಉಳಿಸೋಕೆ ಏನೂ ಇಲ್ಲ. ಅದರ ಮೇಲೆ ಈ ಕಡ್ಡಿಪುಡಿ! ವಸಡೂ ಸುಟ್ಟಿದೆ."

ನನ್ನ ಮನೋಬಲ ಅಂದರೆ ಒಂದು ನರದ ಸಾವು! ಸೂಜಿಮದ್ದು ಕೊಟ್ಟು ಹಲ್ಲು ಕಿತ್ತಳು. ಕೈ ನಿಜವಾಗಿಯೂ ಹಗುರ, ನೋವೇ ಆಗಲಿಲ್ಲ. ಎಂಟು ತಿಂಗಳು ನಾನು ಹೆದರಿದ್ದು ಎರಡು ನಿಮಿಷದ ಕೆಲಸಕ್ಕೆ. ಆ ಜಾಗಕ್ಕೆ ಹತ್ತಿಯ ಉಂಡೆ ಇಟ್ಟು, "ಗಟ್ಟಿಯಾಗಿ ಕಚ್ಚಿಹಿಡೀರಿ. ಮುಕ್ಕಾಲು ಗಂಟೆ ಬಾಯಿ ತೆಗೀಬಾರದು, ಉಗೀಬಾರದು, ಮಾತಾಡಬಾರದು. ಹೊರಗೆ ಕೂತಿರಿ, ನೋಡಿ ಕಳಿಸ್ತೀನಿ," ಎಂದಳು.

ಹೊರಗಿನ ಬೆಂಚಿನಲ್ಲಿ ಐದಾರು ಜನ ರೋಗಿಗಳು. ಅವ್ವನ ಪಕ್ಕ ಕೂತೆ. ಅವಳು ನನ್ನ ಕಡೆ ನೋಡದೆ ಗೋಡೆಯ ಮೇಲಿನ ಹಲ್ಲಿನ ಚಿತ್ರ ನೋಡುತ್ತಿದ್ದಳು. ಬೆಳಿಗ್ಗೆಯಿಂದ ನನಗೆ ಒಂದು ಮಾತೂ ಅಂದಿರಲಿಲ್ಲ. ನನ್ನೊಳಗೆ ಹಲ್ಲಿಗಿಂತ ಆಳದಲ್ಲಿ ಏನೋ ಕಿತ್ತುಬಂತು. ಮಾತಾಡುವಂತಿಲ್ಲ. ಆದರೇನು, ನಾನು ಲೇಖಕನಲ್ಲವೇ! ಚೀಲದಿಂದ ಹಾಳೆ ತೆಗೆದು, ಮೊಣಕಾಲ ಮೇಲಿಟ್ಟು, ಹತ್ತಿ ಕಚ್ಚಿಕೊಂಡು ಬರೆದೇ ಬರೆದೆ. ಎರಡು ಹಾಳೆ ತುಂಬಿತು. ಬರೆಯುತ್ತಾ ನನ್ನ ಕಣ್ಣಲ್ಲೇ ನೀರು ಬಂತು, ಅಷ್ಟು ಚೆನ್ನಾಗಿತ್ತು! ಮಡಿಸಿ ಅವ್ವನ ಕೈಗೆ ಕೊಟ್ಟೆ.

ಅವ್ವ ಹಾಳೆಯನ್ನು ಅತ್ತ ತಿರುಗಿಸಿ ಇತ್ತ ತಿರುಗಿಸಿ ನೋಡಿದಳು. ಆಗ ನೆನಪಾಯಿತು. ನಮ್ಮವ್ವನಿಗೆ ಓದಲು ಬರುವುದಿಲ್ಲ. ಊರಿಗೆಲ್ಲ ಪುಸ್ತಕ ಹಂಚುವ ಮಗ ಅವಳಿಗೆ ಒಂದಕ್ಷರ ಕಲಿಸಿರಲಿಲ್ಲ.

"ಇದೇನು ಬರ್ದವ್ನೆ ನೋಡು ಕಣಮ್ಮಿ," ಎಂದು ಚೀಟಿ ಬರೆಯುವ ಹುಡುಗಿ ಭಾನುಗೆ ಕೊಟ್ಟುಬಿಟ್ಟಳು. ಬೇಡ ಎಂದು ಕೈ ಆಡಿಸಿದೆ. ಯಾರು ಕೇಳಬೇಕು? ಭಾನು ಎದ್ದುನಿಂತು, ಇಡೀ ಬೆಂಚಿಗೆ ಕೇಳುವ ಹಾಗೆ ಶುರು ಮಾಡಿದಳು.

"'ಮಾತೃಸ್ವರೂಪಿಣಿಯಾದ ನಿನ್ನ ಪಾದಾರವಿಂದಗಳಲ್ಲಿ ನನ್ನ ಅಂತಃಸಾಕ್ಷಿಯ ಅಗ್ನಿಕುಂಡದಿಂದೆದ್ದ...' ಅಜ್ಜಿ, ಎರಡು ಹಾಳೆ ಇದೆ. ಪೂರ್ತಿ ಓದ್ಲಾ?"

"ಬ್ಯಾಡ, ಗಟ್ಟಿ ಎಷ್ಟದೆ ಅಷ್ಟು ಯೋಳು."

ಭಾನು ಮೊದಲ ಹಾಳೆಯ ಮೇಲೆ ಬೆರಳಾಡಿಸಿದಳು. ಎರಡನೆಯದನ್ನೂ ಹುಡುಕಿದಳು. ಕೊನೆಯಲ್ಲಿ ಒಂದು ಕಡೆ ಬೆರಳು ನಿಂತಿತು.

"ನಿಮ್ಮನ್ನ ಬೈಯುವಾಗ ಸುಮ್ನಿದ್ದದ್ದು ತಪ್ಪಾಯ್ತಂತೆ. ಕಡ್ಡಿಪುಡಿ ತಗೊಂಡಿದ್ದು ಅವ್ರೇ ಅಂತೆ. ಅಷ್ಟೇ ಅಜ್ಜಿ."

"ಅದು ನಂಗೆ ಒತ್ತಾರೇನೆ ಗೊತ್ತಿತ್ತಲ್ಲವ್ವ!" ಎಂದಳು ಅವ್ವ. "ಐವತ್ತು ವರ್ಸ ಅಗ್ದೋಳು ನಾನು. ಮಗನ ಉಸ್ರು ವಾಸ್ನೆ ಗೊತ್ತಾಗಕಿಲ್ವಾ?"

ನನ್ನ ಹಲ್ಲಿನ ಹತ್ತಿ ಇನ್ನೊಂದಿಷ್ಟು ಬಿಗಿಯಾಯಿತು.

"ಮತ್ತೆ ಯಾಕಜ್ಜಿ ನೀವು ಹೇಳ್ಲಿಲ್ಲ?"

"ನಾ ಯೋಳುದ್ರೆ ಸೊಸೆ ಮುಂದೆ ಅವನ ಮರ್ವಾದೆ ಓಯ್ತದೆ. ಅವನೇ ಯೋಳುದ್ರೆ ಉಳೀತದೆ ಅಂತ ಕಾದೆ." ಹಾಳೆಗಳನ್ನು ವಾಪಸು ಇಸಿದುಕೊಂಡು ನನ್ನ ಜೇಬಿಗೆ ತುರುಕಿ, ಬೆಂಚಿನಲ್ಲಿದ್ದವರ ಕಡೆ ತಿರುಗಿದಳು. "ನೋಡ್ರಪ್ಪ! ಬಾಯಿ ಆಡ್ತಿದ್ದಾಗ ಒಂದ್ ಮಾತು ಯೋಳ್ನಿಲ್ಲ. ಈಗ ದುಡ್ಡು ಕೊಟ್ಟು ಬಾಯಿ ಮುಚ್ಚಿಸ್ಕಂಡು, ಕಾಗ್ದ ಕೊಡ್ತಾವ್ನೆ!"